ಸುಂದರಿ ಹೊರೆ ಇಳಿಸಿದ ಕಲ್ಲು

ಕುಷ್ಟನ ಕಾಲು ನೋಯಲು ಶುರುವಾಗುವುದು ಹೆಮ್ಮಾಡಿ ದಾಟಿದ ಮೇಲೆ. ಬೆಳಿಗ್ಗೆ ಕುಂದಾಪುರದಲ್ಲಿ ಬಸ್ಸು ಹತ್ತುವಾಗ ಏನೂ ಇರುವುದಿಲ್ಲ. ಹೆಮ್ಮಾಡಿಯಲ್ಲಿ ಗಂಗೊಳ್ಳಿ ಕಡೆಯ ಮೀನಿನ ಹೆಂಗಸರು ಹತ್ತಿ, ಅವರ ಬುಟ್ಟಿಗಳನ್ನು ಹಿಂದಿನ ಬಾಗಿಲ ಹತ್ತಿರ ಜೋಡಿಸಿ, ಶಾಲೆ ಮಕ್ಕಳ ಚೀಲಗಳನ್ನು ದಾಟಿ ದಾಟಿ ಟಿಕೆಟು ಕೊಟ್ಟು ಮುಗಿಸುವಷ್ಟರಲ್ಲಿ ಎಡಗಾಲಿನ ನರಗಳು ಹುರಿಹಗ್ಗದ ಹಾಗೆ ಎದ್ದು ನಿಂತಿರುತ್ತವೆ. ನಿಂತು ಮಾಡುವ ಕೆಲಸ ಬಿಡು ಎಂದು ಡಾಕ್ಟರು ಹೇಳಿದ್ದರು. ಕೂತು ಮಾಡುವ ಕಂಡಕ್ಟರಿಕೆ ಎಲ್ಲಿ ಸಿಗುತ್ತದೆ ಎಂದು ಹೇಳಿರಲಿಲ್ಲ.

ಅವನು ಅಣ್ಣಯ್ಯ ಶೆಟ್ಟರ ಬಸ್ಸಿಗೆ ಸೇರಿದ್ದು ೧೯೯೭ರಲ್ಲಿ. ಶೆಟ್ಟರು ಮುಂಬೈಯ ಹೋಟೆಲು ಬಿಟ್ಟು ಬಂದು, ಕೊಲ್ಲೂರು ರಸ್ತೆಯಿಂದ ಒಳಗೆ ನಂದ್ರಬೆಟ್ಟಿನವರೆಗೆ ಹೊಸ ರೂಟು ಮಾಡಿಸಿದ ವರ್ಷ ಅದು. ಪರ್ಮಿಟ್ಟಿನ ಅರ್ಜಿಗೆ ದಾರಿಯಲ್ಲಿ ಬರುವ ಸ್ಟಾಪುಗಳ ಪಟ್ಟಿ ಬೇಕು, ಪಟ್ಟಿಗೆ ಹೆಸರುಗಳು ಬೇಕು. ಒಳದಾರಿಯಲ್ಲಿ ಮನೆಗಳಿಗೆ ಹೆಸರಿತ್ತು, ಗದ್ದೆಗಳಿಗೆ ಹೆಸರಿತ್ತು, ಕೆರೆಗೆ ಹೆಸರಿತ್ತು. ರಸ್ತೆ ಮಾತ್ರ ಆಗಷ್ಟೇ ಹುಟ್ಟಿದ್ದು, ಅದಕ್ಕಿನ್ನೂ ಯಾರೂ ಏನೂ ಕರೆದಿರಲಿಲ್ಲ. ಶೆಟ್ಟರು ಕುಷ್ಟನ ಕೈಗೆ ಒಂದು ಹಾಳೆ ಕೊಟ್ಟರು.

"ಸೈಕಲ್ ತಕಂಡ್ ಹೋಯ್ ಬರ್ಕಂಡ್ ಬಾ. ಜನ ಎಂತ ಹೇಳ್ತ್ರೋ ಅದನ್ನೇ ಬರಿ. ಜನ ಇಲ್ದಿದ್ ಬದಿಯಂಗೆ ನಿಂಗೆ ಸಮ ಕಂಡದ್ದ್ ಬರಿ."

ಅವನು ಒಂದು ದಿನವಿಡೀ ಸೈಕಲ್ ತುಳಿದ. ಮಳೆಗೆ ಕುಸಿದಿದ್ದ ಒಂದು ಮೋರಿಯ ಹತ್ತಿರ 'ಮುರಿದ ಮೋರಿ' ಎಂದು ಬರೆದುಕೊಂಡ. ಮೋರಿಯನ್ನು ಮರುವರ್ಷವೇ ರಿಪೇರಿ ಮಾಡಿದರು, ಹೆಸರು ಮಾತ್ರ ಮುರಿದೇ ಉಳಿಯಿತು. ಇನ್ನೊಂದು ಕಡೆ ಅಣ್ಣ ತಮ್ಮ ಇಬ್ಬರೂ ನಮ್ಮ ಮನೆ ಹೆಸರೇ ಹಾಕು ಎಂದು ಹಿಡಿದುಕೊಂಡಾಗ 'ಹಲಸಿನಮರ' ಎಂದು ಬರೆದು ತಪ್ಪಿಸಿಕೊಂಡ. ಆಸ್ತಿ ಪಾಲಾದ ಮೇಲೆ ಆ ಮರವನ್ನೂ ಕಡಿದರು. 'ಡಾಕ್ಟ್ರ ಮನೆ'ಯ ಡಾಕ್ಟರು ತೀರಿಕೊಂಡು ಎಷ್ಟೋ ವರ್ಷವಾಯಿತು. ಜ್ವರ ಬಂದವರು ಯಾರೂ ಈಗ ಅಲ್ಲಿ ಇಳಿಯುವುದಿಲ್ಲ. ಊರಿನ ಹೆಸರುಗಳು ಹೀಗೆಯೇ. ಹಾಳೆಯ ಮೇಲೆ ಬರೆಯುವವನಿಗೆ ಆ ಹೊತ್ತು ಕಣ್ಣಿಗೆ ಬಿದ್ದದ್ದೇ ಹೆಸರು.

ಮುರಿದ ಮೋರಿ ದಾಟಿ ನಂದ್ರಬೆಟ್ಟಿಗೆ ಹೋಗುವ ನಡುವೆ ಮಾತ್ರ ಒಂದು ಮನೆಯೂ ಇರಲಿಲ್ಲ. ಬರೀ ಗೇರುಗುಡ್ಡೆ. ರಸ್ತೆಯ ಬದಿಯಲ್ಲಿ ಎರಡು ಕಂಬಗಲ್ಲು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ, ಎದೆಯೆತ್ತರಕ್ಕೆ. ಹಿಂದಿನ ಕಾಲದಲ್ಲಿ ಘಟ್ಟದಿಂದ ತಲೆಹೊರೆ ಹೊತ್ತು ಬರುವವರು ಇನ್ನೊಬ್ಬರ ಕೈ ಕಾಯದೆ ಹೊರೆ ಇಳಿಸಿ, ಉಸಿರು ತೆಗೆದು, ಮತ್ತೆ ತಲೆ ಕೊಟ್ಟು ಎತ್ತಿಕೊಳ್ಳಲಿ ಎಂದು ಯಾರೋ ಪುಣ್ಯಾತ್ಮರು ನಿಲ್ಲಿಸಿದ ಕಲ್ಲು. ಅವತ್ತು ಅದರ ಮೇಲೆ ಒಂದು ಮೀನಿನ ಬುಟ್ಟಿ ಇತ್ತು. ಪಕ್ಕದಲ್ಲಿ ನಲವತ್ತರ ಹೆಂಗಸೊಬ್ಬಳು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತ ನಿಂತಿದ್ದಳು.

"ಅಕ್ಕಾ, ಈ ಜಾಗಕ್ಕೆ ಎಂತ ಹೇಳ್ತ್ರ್?" ಎಂದು ಕುಷ್ಟ ಕೇಳಿದ.

"ಎಂತದೂ ಹೇಳುದಿಲ್ಲ. ನಾನ್ ಇಲ್ಲ್ ಬುಟ್ಟಿ ಇಳ್ಸ್ತೆ, ಅಷ್ಟೇ."

"ಇಲ್ಲ್ ಬಸ್ಸ್ ಬತ್ತ್ ಇನ್ನ್. ನಿಲ್ಸ್ಕಾ?"

"ನಿಲ್ಸದೆ ಮತ್ತೆ? ಮೂರ್ ಮೈಲಿ ಹೊತ್ಕಂಡ್ ಬತ್ತೆ ಕಾಣ್ ಇದನ್ನ. ನಿಲ್ಸ್ರೆ ನಿನ್ನ ಹೊಟ್ಟೆ ತಣ್ಣಗಿರ್ಲಿ."

"ಹೆಸ್ರ್ ಎಂತ ನಿಮ್ದ್?"

"ಸುಂದರಿ. ಯಾಕ್, ಹೆಣ್ಣ್ ಕಾಂಬುಕ್ ಬಂದ್ಯಾ?"

ಕುಷ್ಟ ನಗುತ್ತ ಹಾಳೆಯ ಮೇಲೆ 'ಸುಂದರಿಕಟ್ಟೆ' ಎಂದು ಬರೆದ. ಅವಳಿಗೆ ಹೇಳಲಿಲ್ಲ. ಕೇಳಬೇಕು ಎಂದೂ ತೋರಲಿಲ್ಲ. ಬಸ್ಸಿನ ಮೊದಲ ದಿನ, "ಸುಂದರಿಕಟ್ಟೆ, ಸುಂದರಿಕಟ್ಟೆ, ಇಳೀನಿ" ಎಂದು ಅವನು ಕೂಗಿದಾಗ ಮೀನಿನ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸುಂದರಿ ನಗಲಿಲ್ಲ. ಬುಟ್ಟಿ ಕಲ್ಲಿನ ಮೇಲೆ ಇಡಿಸಿಕೊಂಡು, ತಲೆಗೆ ಬಟ್ಟೆಯ ಸಿಂಬಿ ಇಟ್ಟು, ಅವನ ಮುಖ ನೋಡದೆ ಬೈಲಿನ ದಾರಿ ಹಿಡಿದಳು.

ಹದಿನೇಳು ವರ್ಷ ಕಳೆಯಿತು. ಕಲ್ಲಿನ ಎದುರು ಒಂದು ಚಾದಂಗಡಿ ಬಂತು. ಅಂಗಡಿಗೆ ಬೋರ್ಡು ಬಂತು, ಬೋರ್ಡಿನಲ್ಲಿ ಸುಂದರಿಕಟ್ಟೆ ಎಂದು ಬಂತು. ಗೇರುಗುಡ್ಡೆಯಲ್ಲಿ ಸೈಟು ಮಾಡಿದರು, ಮನೆಗಳಾದವು, ಮದುವೆ ಕಾಗದದಲ್ಲಿ ಸುಂದರಿಕಟ್ಟೆ, ರೇಶನ್ ಕಾರ್ಡಿನಲ್ಲಿ ಸುಂದರಿಕಟ್ಟೆ. ಹೊಸತಾಗಿ ಬಂದವರಿಗೆ ಅದು ಯಾವಾಗಿನಿಂದಲೋ ಇದ್ದ ಊರು. ದಿನಾ ಏಳೂವರೆಗೆ ಅಲ್ಲಿ ಇಳಿಯುವ ಮೀನಿನ ಹೆಂಗಸಿನ ಹೆಸರನ್ನು ಅವರು ಕೇಳಿರಲಿಲ್ಲ. ಅವಳು ಅವರಿಗೆ 'ಮೀನಿನವಳು'.

೨೦೧೪ರ ಚೈತ್ರದಲ್ಲಿ ಒಳದಾರಿಯನ್ನು ಅಗಲ ಮಾಡುವ ಕೆಲಸ ಶುರುವಾಯಿತು. ಜೆಸಿಬಿ ಮುರಿದ ಮೋರಿಯನ್ನು ಈ ಸಲ ನಿಜವಾಗಿಯೂ ಮುರಿಯಿತು. ಗೇರುಮರಗಳು ಉರುಳಿದವು. ಸುಂದರಿಕಟ್ಟೆಯ ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ಗೀಟು ಬಿತ್ತು. ಅಂದರೆ ಅದೂ ಹೋಗುವುದು. ಆ ಭಾಗಕ್ಕೆ ಮಂಜೂರಾದ ಬಸ್ ತಂಗುದಾಣ ಒಂದೇ. ಅರ್ಧ ಮೈಲಿ ಮುಂದೆ ದೇವಸ್ಥಾನಕ್ಕೆ ಹೊಸತಾಗಿ ಕಟ್ಟಿಸಿದ ಸ್ವಾಗತ ಕಮಾನಿನ ಬುಡದಲ್ಲಿ ಅದನ್ನು ಕಟ್ಟುವುದು, ಇನ್ನು ಬಸ್ಸು ಅಲ್ಲೇ ನಿಲ್ಲುವುದು ಎಂದು ಸುದ್ದಿಯಾಯಿತು. ಅಣ್ಣಯ್ಯ ಶೆಟ್ಟರೂ ಫೋನು ಮಾಡಿದರು. "ಅರ್ಧ ಮೈಲಿಗ್ ಎರಡ್ ಸಲ ಬ್ರೇಕ್ ಹಾಕ್ರೆ ಹಿಂದಿನ್ ಬಸ್ಸಿನವ ನಮ್ಮ ಕಲೆಕ್ಷನ್ ನುಂಗ್ತ. ಒಂದೇ ಕಡೆ ನಿಲ್ಸ್ ಇನ್ನ್."

ಸುಂದರಿಗೆ ಈಗ ಐವತ್ತೇಳು. ಎರಡು ಮೊಣಕಾಲಿಗೂ ಎಣ್ಣೆ ತಿಕ್ಕಿ ತಿಕ್ಕಿ ಚರ್ಮ ಕಪ್ಪಾಗಿತ್ತು. ನೆಲದ ಮೇಲಿಟ್ಟ ಬುಟ್ಟಿಯನ್ನು ಅವಳು ಒಬ್ಬಳೇ ಎತ್ತಲಾರಳು, ಬಗ್ಗಿದರೆ ಏಳಲಾರಳು. ಎದೆಯೆತ್ತರದ ಕಲ್ಲಿದ್ದರೆ ಆಯಿತು. ಮೊಣಕಾಲು ಮಡಿಸದೆ, ತಲೆ ಒಡ್ಡಿ, ಎರಡು ಹೆಜ್ಜೆ ಇಟ್ಟು ಹೊರಟುಬಿಡುತ್ತಾಳೆ. ಅವಳ ಗಿರಾಕಿ ಮನೆಗಳ ದಾರಿ ಇಳಿಯುವುದು ಕಲ್ಲಿನ ಪಕ್ಕದಿಂದಲೇ. ಕಮಾನಿನ ಹತ್ತಿರ ಇಳಿದರೆ ಅರ್ಧ ಮೈಲಿ ಹಿಂದೆ ನಡೆಯಬೇಕು, ಅದೂ ಹೊತ್ತುಕೊಂಡು. ಅಂದರೆ ಅವಳ ವ್ಯಾಪಾರ ಮುಗಿಯಿತು. ಕುಷ್ಟನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ, ನಂದ್ರಬೆಟ್ಟಿನಲ್ಲಿ ಬಸ್ಸು ಊಟಕ್ಕೆ ನಿಂತಿದ್ದಾಗ, ರವಿಚಂದ್ರ ಮೇಷ್ಟ್ರು ಹುಡುಕಿಕೊಂಡು ಬಂದರು. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವರು, ಎರಡು ವರ್ಷದ ಹಿಂದೆ ವರ್ಗವಾಗಿ ಬಂದವರು. ಒಳ್ಳೆಯ ಮನುಷ್ಯ. ದೇವಸ್ಥಾನದ ಜೀರ್ಣೋದ್ಧಾರದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಬರೆಯುವ ಕೆಲಸ ಅವರ ಮೇಲೆ ಬಿದ್ದಿತ್ತು.

"ಕುಷ್ಟಣ್ಣ, ಸುಂದರಿಕಟ್ಟೆ ಅಂತ ಮೊದಲಿಗೆ ಕೂಗಿದ್ದು ನೀವಂತೆ. ಹಳಬರೆಲ್ಲ ನಿಮ್ಮನ್ನೇ ಕೇಳಿ ಅಂತಾರೆ. ಆ ಹೆಸರಿನ ಮೂಲ ಏನು?"

ಕುಷ್ಟ ಬುತ್ತಿಯ ಮುಚ್ಚಳ ತೆಗೆದು, ಹೆಂಡತಿ ರತ್ನ ಕಟ್ಟಿಕೊಟ್ಟ ಗಂಜಿಗೆ ಉಪ್ಪಿನಕಾಯಿ ಕಲಸುತ್ತ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಮೇಷ್ಟ್ರ ಪೆನ್ನು ಅರ್ಧಕ್ಕೇ ನಿಂತಿತು.

"ಮೀನು ಮಾರುವ ಹೆಂಗಸಾ?"

"ಹೌದ್. ಬೆಳಿಗ್ಗೆ ಬನ್ನಿ, ತೋರಿಸ್ತೆ."

ಮೇಷ್ಟ್ರು ಚೀಲದಿಂದ ನಾಲ್ಕು ಹಾಳೆ ತೆಗೆದರು. ಚಂದದ ಅಕ್ಷರ. ಸುಂದರಾದೇವಿ ಎಂಬ ರಾಣಿ ಕೊಲ್ಲೂರಿಗೆ ಹೊರಟವಳು ಈ ಕಲ್ಲಿನ ಮೇಲೆ ಪಲ್ಲಕ್ಕಿ ಇಳಿಸಿ, ಸಂಜೆಯ ಪೂಜೆ ಮುಗಿಸಿದಳು ಎಂದು ಅದರಲ್ಲಿತ್ತು. ಎಲ್ಲಿಂದ ಬಂದ ರಾಣಿ ಎಂದು ಇರಲಿಲ್ಲ. "ನಾನೇ ಕಟ್ಟಿದ್ದು ಅಂತಲ್ಲ ಕುಷ್ಟಣ್ಣ. ಕಮಿಟಿಯವರು ಒಬ್ಬೊಬ್ಬರು ಒಂದೊಂದು ಹೇಳಿದರು, ನಾನು ಜೋಡಿಸಿದೆ" ಎಂದರು. ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು ಕೇಳಿ. ಬರೀ ಹೊರೆಗಲ್ಲು ಅಂದರೆ ಜೆಸಿಬಿ ಸೋಮವಾರ ಎತ್ತಿ ಬಿಸಾಡುತ್ತದೆ. ಇತಿಹಾಸದ ಕಲ್ಲು ಅಂದರೆ ಕಮಿಟಿ ಅರ್ಜಿ ಕೊಡುತ್ತದೆ, ರಸ್ತೆ ಸ್ವಲ್ಪ ಬಳಸಿಕೊಂಡು ಹೋಗುತ್ತದೆ. ತಂಗುದಾಣವೂ ಅಲ್ಲಿಯೇ ಆಗುತ್ತದೆ, ಬಸ್ಸೂ ಅಲ್ಲಿಯೇ ನಿಲ್ಲುತ್ತದೆ. ಎಂಜಿನಿಯರ್ ಹತ್ತಿರ ಮಾತಾಡಿದ್ದೇವೆ. ಹಳಬರೊಬ್ಬರು ಭಾನುವಾರದ ಸಭೆಯಲ್ಲಿ ಹೌದು ಅನ್ನಬೇಕು, ಅಷ್ಟೇ."

ಗಂಜಿ ತಣ್ಣಗಾಗಿತ್ತು. ಕುಷ್ಟ ಊಟ ಮುಗಿಸಿ ಕೈ ತೊಳೆದ. "ಕೇಳಿ ಹೇಳ್ತೆ" ಎಂದ.

"ಯಾರನ್ನು ಕೇಳೋದು?"

"ರಾಣಿಯನ್ನ" ಎಂದು ಹೇಳಿ ಬಸ್ಸು ಹತ್ತಿದ.

ಮರುದಿನ ಸುಂದರಿ ಹಿಂದಿನ ಸೀಟಿನಲ್ಲಿ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ಕುಷ್ಟ ಕಂಬಕ್ಕೆ ಒರಗಿ ನಿಂತು ಎಲ್ಲವನ್ನೂ ಹೇಳಿದ. ಹದಿನೇಳು ವರ್ಷದಲ್ಲಿ ಆ ಹೆಸರಿನ ಬಗ್ಗೆ ಅವರಿಬ್ಬರು ಮಾತಾಡಿದ್ದು ಅದೇ ಮೊದಲು.

"ನಿನ್ ಹೆಸ್ರ್ ಅಲ್ಲ ಅಂದ್ ಸುಳ್ಳ್ ಹೇಳ್ಕ್ ನಾನ್" ಎಂದ. "ಮನ್ಸ್ ಬತ್ತಿಲ್ಲೆ ಸುಂದರಕ್ಕ."

"ಮನ್ಸಾ?" ಸುಂದರಿ ತಲೆ ಎತ್ತಿದಳು. "ಅವತ್ತ್ ಹೆಸ್ರ್ ಬರಿಯೂವತ್ತಿಗೆ ಕೇಂಡ್ಯಾ ನನ್ನ? ಗಂಡ ಇಪ್ಪಷ್ಟ್ ದಿನ ಹೇಳೂದೇ ಹೇಳೂದ್. ನಿಂಗೆ ಊರೇ ಇತ್ತ್, ನಂಗ್ ಒಂದ್ ಮೋರಿಯೂ ಇಲ್ಲ ಅಂದ್. ಮಗಳ ಮದಿ ಮಾತಿಗ್ ಬಂದವ್ರ್, ನಿಮ್ಮ ಹೆಸ್ರ್ ಬಸ್ಸಿನವ್ರ ಬಾಯಂಗೆ ಯಾಕ್ ಇತ್ತ್ ಅಂದ್ ಕೇಂಡ್ರ್. ಒಂದ್ ಸಂಬಂಧ ಅದಕ್ಕೇ ಹೋಯ್ತ್."

ಇದು ಕುಷ್ಟನಿಗೆ ಗೊತ್ತಿರಲಿಲ್ಲ. ಟಿಕೆಟಿನ ಕಟ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಮೇಲೆ ಕೆಳಗೆ ನೋಡಿದ.

"ನೀನ್ ಹೇಳೇ ಇಲ್ಲೆ."

"ಹೇಳಿ ಎಂತ ಮಾಡೂದ್? ಬಸ್ಸ್ ನಿಲ್ಲತ್ತಿತ್ತಲೆ." ಬುಟ್ಟಿಯ ಮೇಲಿನ ಒದ್ದೆ ಗೋಣಿಯನ್ನು ಸರಿಮಾಡಿದಳು. "ಕಾಣ್ ಕುಷ್ಟ, ರಾಣಿ ಅನ್ನ್, ದೇವಿ ಅನ್ನ್, ಬೇಕಾರೆ ನಿನ್ನ ಅಜ್ಜಿ ಅನ್ನ್. ಬಸ್ಸ್ ನಿಲ್ಲತ್ತಾ? ಕಲ್ಲ್ ಇರತ್ತಾ? ಅಷ್ಟ್ ಹೇಳ್."

"ಎರಡೂ ಇತ್ತ್ ಅಂದ್ರ್."

"ಮತ್ತೆಂತಕೆ ಮುಖ ಬಾಡಿಸ್ಕಂಡ್ ನಿಂತಿದ್ದೆ? ಹೇಳ್. ಆ ಹೆಸ್ರ್ ಹೊತ್ತ್ ಹೊತ್ತ್ ನಂಗೂ ಸಾಕಾಯ್ತ್. ರಾಣಿಯೇ ಹೊತ್ಕಣ್ಲಿ."

ಡ್ರೈವರ್ ಮಂಜ ಕನ್ನಡಿಯಲ್ಲಿ ಇವರನ್ನು ನೋಡುತ್ತಿದ್ದವನು, "ಹ್ವಾಯ್, ರಾಣಿಯವ್ರ್ ಇಳೂಕಾಯ್ತ್ ಕಾಣಿ!" ಎಂದು ಕೂಗಿ ಬ್ರೇಕು ಹಾಕಿದ. ಬಸ್ಸಿಡೀ ನಕ್ಕಿತು. ಸುಂದರಿ, "ನಿನ್ನ ಪಲ್ಲಕ್ಕಿಗೆ ಬೆಂಕಿ ಬೀಳ್ಲಿ, ಬಂಗಡೆ ಎಲ್ಲ ಮಗ್ಚ್ ಹಾಕ್ದೆ" ಎಂದು ಬೈಯುತ್ತ ಇಳಿದಳು.

ಭಾನುವಾರ ದೇವಸ್ಥಾನದ ಹಾಲಿನಲ್ಲಿ ಅರವತ್ತು ಎಪ್ಪತ್ತು ಜನ ಸೇರಿದ್ದರು. ಕುಷ್ಟನಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು. ಅವನಿಗೆ ಕುರ್ಚಿಯಲ್ಲಿ ಕೂತು ಅಭ್ಯಾಸವಿಲ್ಲ, ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮೈಕು ಕೈಗೆ ಬಂದಾಗ ಗೋಡೆಯ ಹೊಸ ಗಾರೆ, ಎದುರಿನ ಮುಖಗಳು, ಮೇಷ್ಟ್ರ ಕೈಯಲ್ಲಿದ್ದ ಹಾಳೆ ಎಲ್ಲವನ್ನೂ ಒಮ್ಮೆ ನೋಡಿದ.

"ಒಬ್ಬಳ್ ರಾಣಿ ಇದ್ದಿಳಂಬ್ರ್" ಎಂದ. "ಅವ್ಳ್ ಅಲ್ಲ್ ಹೊರೆ... ಪಲ್ಲಕ್ಕಿ ಇಳ್ಸದ್ದಂಬ್ರ್. ನಮ್ಮ ಅಜ್ಜ ಹೇಳ್ತಿದ್ದ."

ಹಿಂದಿನಿಂದ ಯಾರೋ ಮುದುಕರು, "ನಿನ್ನ ಅಜ್ಜ ಕುಂದಾಪುರದಂಗಿದ್ದವ ಅಲ್ದಾ? ಅವ್ನಿಗ್ ಹ್ಯಾಂಗ್ ಗೊತ್ತ್?" ಎಂದು ಕೇಳಿದರು.

"ನಡ್ಕಂಡ್ ಬತ್ತಿದ್ದ" ಎಂದ ಕುಷ್ಟ.

ಚಪ್ಪಾಳೆ ಬಿತ್ತು. ಅವನ ಅಜ್ಜ ಬದುಕಿನಲ್ಲಿ ಒಂದು ಸಲವೂ ಹೊಳೆ ದಾಟಿ ಈಚೆಗೆ ಬಂದವನಲ್ಲ. ಬೆಲ್ಲ ನೀರು ಕೊಟ್ಟರು, ಪ್ರಸಾದ ಕೊಟ್ಟರು. ಕುಷ್ಟ ಪ್ರಸಾದವನ್ನು ಹಾಗೇ ಕಟ್ಟಿಕೊಂಡು ಮನೆಗೆ ತಂದ. "ಎಂತಕ್ ಮೈ ಸಮ ಇಲ್ಯಾ?" ಎಂದು ರತ್ನ ಕೇಳಿದಳು. ಕಾಲು ನೋವು ಎಂದ. ಅದು ಸುಳ್ಳಲ್ಲ.

ಮೇಷ್ಟ್ರು ಹೇಳಿದ್ದೆಲ್ಲ ನಿಜವಾಯಿತು. ರಸ್ತೆ ಕಲ್ಲನ್ನು ಬಳಸಿಕೊಂಡು ಹೋಯಿತು. ತಂಗುದಾಣ ಅಲ್ಲಿಯೇ ಎದ್ದಿತು. ಅಣ್ಣಯ್ಯ ಶೆಟ್ಟರು ಕಮಾನಿನ ಸ್ಟಾಪನ್ನೇ ಬಿಡಿಸಿ ಸುಂದರಿಕಟ್ಟೆಯನ್ನು ಉಳಿಸಿದರು. ಅಷ್ಟರಲ್ಲಿ ಮಳೆಗಾಲ ಹಿಡಿಯಿತು, ಬೋಟುಗಳು ದಡ ಸೇರಿದವು. ಸುಂದರಿ ಎರಡು ತಿಂಗಳು ಮನೆಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿದಳು.

ಆಗಸ್ಟಿನಲ್ಲಿ ಮತ್ತೆ ಬೋಟು ನೀರಿಗಿಳಿದ ಮೇಲೆ ಅವಳು ಬುಟ್ಟಿಯೊಂದಿಗೆ ಹೆಮ್ಮಾಡಿಯಲ್ಲಿ ಬಸ್ಸು ಹತ್ತಿದಳು. ಕುಷ್ಟ ಅವಳ ಟಿಕೆಟು ಹರಿದುಕೊಟ್ಟು ಮುಂದಿನ ಸೀಟಿಗೆ ಸರಿದ. ಕಲ್ಲಿನ ಹತ್ತಿರ ಆದದ್ದನ್ನು ಕಳೆದ ವಾರದಿಂದ ಅವನು ನೋಡುತ್ತಿದ್ದ, ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಬಸ್ಸು ನಿಂತಿತು. ಬುಟ್ಟಿಯ ಒಂದು ಬದಿ ಅವನು ಹಿಡಿದ, ಇನ್ನೊಂದು ಬದಿಗೆ ಕೈ ಹಾಕಿ ಸುಂದರಿ ಇಳಿದಳು, ತಿರುಗಿದಳು, ನಿಂತಳು.

ಕಲ್ಲಿಗೆ ಸುತ್ತಲೂ ಟೈಲ್ಸು ಹಾಕಿದ ಕಟ್ಟೆ. ಕಟ್ಟೆಯ ಸುತ್ತ ಕಬ್ಬಿಣದ ಬೇಲಿ, ಬೇಲಿಗೆ ಬೀಗ. ಚಪ್ಪಡಿಯ ಮೇಲೆ ಅರಸಿನ ಕುಂಕುಮ, ಒಂದು ಒಣಗಿದ ಮಲ್ಲಿಗೆ ಚೆಂಡು. ಪಕ್ಕದಲ್ಲಿ ಬೋರ್ಡು.

"ಎಂತ ಬರ್ದಿರ್ ಅದ್ರಂಗೆ?" ಸುಂದರಿಗೆ ಓದಲು ಬರುವುದಿಲ್ಲ.

"ರಾಣಿ ಸುಂದರಾದೇವಿ ಪಲ್ಲಕ್ಕಿ ಇಳಿಸಿದ ಪುಣ್ಯಸ್ಥಳ."

"ಅಷ್ಟೇ ಅಲ್ಲ. ಕೆಳ್ಗೆ ಸಣ್ಣಕೆ ಇನ್ನೂ ಇತ್ತಲೆ. ಓದ್."

ಕುಷ್ಟ ಕೆಮ್ಮಿದ. "ಇಲ್ಲಿ ಚಪ್ಪಲಿ, ಮೀನು, ತಲೆಹೊರೆ ಇಡಬಾರದು."

ಸುಂದರಿ ಸಿಟ್ಟು ಮಾಡುತ್ತಾಳೆ ಎಂದು ಕುಷ್ಟ ಕಾದ. ಅವಳು ಸಿಂಬಿಯನ್ನು ತಲೆಯ ಮೇಲಿಟ್ಟು, "ಹಿಡಿ, ತಲೆಗ್ ಕೊಡ್" ಎಂದಳು. ಬುಟ್ಟಿ ಅಷ್ಟು ಹೊತ್ತೂ ಅವರಿಬ್ಬರ ಕೈಯಲ್ಲಿ ನೇತಾಡುತ್ತಿತ್ತು, ಮೀನಿನ ನೀರು ಕುಷ್ಟನ ಖಾಕಿ ಪ್ಯಾಂಟಿನ ಮೇಲೆ ಇಳಿಯುತ್ತಿತ್ತು.

ಅವತ್ತು ಮಧ್ಯಾಹ್ನ ಕುಷ್ಟ ಊಟ ಬಿಟ್ಟು ಶಾಲೆಗೆ ಹೋದ. ರವಿಚಂದ್ರ ಮೇಷ್ಟ್ರು ಅವನನ್ನು ಕಂಡ ಕೂಡಲೇ ವಿಷಯ ಏನೆಂದು ತಿಳಿದುಕೊಂಡರು. ಸ್ಟಾಫ್ ರೂಮಿನಿಂದ ಹೊರಗೆ ಬಂದು ನೆಲ್ಲಿಮರದ ಕೆಳಗೆ ನಿಂತರು.

"ಆ ಕೆಳಗಿನ ಸಾಲು ನನ್ನದಲ್ಲ ಕುಷ್ಟಣ್ಣ. ಕಮಿಟಿಯದ್ದು. ನಾನು ಬೇಡ ಅಂದೆ."

"ಬೇಲಿಯ ಬೀಗ ಬೆಳಿಗ್ಗೆ ಅರ್ಧ ಗಂಟೆ ತೆಗ್ದ್ ಇಡೂಕ್ ಹೇಳಿ. ಅವ್ಳ್ ನೀರ್ ಹಾಕಿ ತೊಳ್ದ್ ಹೋತ್ಳ್."

"ಹೇಳಿದೆ. ರಾಣಿ ಪೂಜೆ ಮಾಡಿದ ಜಾಗದಲ್ಲಿ ಮೀನಿನ ಬುಟ್ಟಿ ಇಡೋದು ಹೇಗೆ ಅಂತ ಕೇಳಿದರು." ಮೇಷ್ಟ್ರು ನೆಲ್ಲಿಯ ಒಂದು ಎಲೆಯನ್ನು ಬೆರಳಲ್ಲಿ ಸವರುತ್ತ ನಿಂತರು. "ನಿಜ ಹೇಳಿಬಿಡೋಣ ಅಂದರೆ... ರಾಣಿ ಇದ್ದಳು ಅಂತ ಮೈಕಿನಲ್ಲಿ ಹೇಳಿದ್ದು ನೀವು. ಸಂಚಿಕೆಯಲ್ಲಿ ನಿಮ್ಮ ಹೆಸರೂ ಅಚ್ಚಾಗಿದೆ. ನಿಮ್ಮಜ್ಜನ ಹೆಸರೂ."

ಕುಷ್ಟ ಶಾಲೆಯ ಗೇಟಿನ ಕಡೆ ತಿರುಗಿದ. ಸುಂದರಿಯ ಹೆಸರನ್ನು ಅವಳನ್ನು ಕೇಳದೆ ತೆಗೆದುಕೊಂಡವನೂ ಅವನೇ, ಅವಳನ್ನು ಕೇಳಿ ಬೇರೆಯವರಿಗೆ ಕೊಟ್ಟವನೂ ಅವನೇ. ಎರಡೂ ಸಲ ಬಸ್ಸು ನಿಲ್ಲಲಿ ಎಂದೇ ಮಾಡಿದ್ದು. ಮರಳಿ ಬರುವಾಗ ಮಂಜ ಎಂಜಿನು ಚಾಲೂ ಮಾಡಿ ಹಾರನ್ನು ಹೊಡೆಯುತ್ತಿದ್ದ.

ಹತ್ತು ಹದಿನೈದು ದಿನ ಕುಷ್ಟನೇ ಅವಳ ಕಲ್ಲಾದ. ಬಸ್ಸು ನಿಂತ ಮೇಲೆ ಇಳಿದು, ಬುಟ್ಟಿಯನ್ನು ಎದೆಗೆ ಆನಿಸಿ ಹಿಡಿದು, ಸುಂದರಿ ಸೆರಗು ಬಿಗಿದು ಸಿಂಬಿ ಸರಿಮಾಡಿ ತಲೆ ಒಡ್ಡುವವರೆಗೆ ನಿಲ್ಲುವುದು. ತಂಗುದಾಣದ ಬೆಂಚು ಇತ್ತು, ಆದರೆ ಅದು ಮೊಣಕಾಲಿನ ಎತ್ತರ, ಅವಳಿಗೆ ನೆಲವೂ ಒಂದೇ ಬೆಂಚೂ ಒಂದೇ. ಹಿಂದಿನ ಬಸ್ಸು ಎರಡು ಸಲ ದಾಟಿಕೊಂಡು ಹೋಯಿತು. ಶೆಟ್ಟರ ಫೋನು ಬಂತು. ಬ್ಯಾಂಕಿಗೆ ಹೋಗುವ ಸೌಮ್ಯಶ್ರೀ ಗಡಿಯಾರ ನೋಡಿಕೊಂಡಳೇ ಹೊರತು ಏನೂ ಹೇಳಲಿಲ್ಲ. ಕುಷ್ಟನ ಕಾಲಿನ ನೋವು ಈಗ ಹೆಮ್ಮಾಡಿಗೆ ಮೊದಲೇ, ತಲ್ಲೂರಿನಲ್ಲೇ ಶುರುವಾಗತೊಡಗಿತು.

"ಬಿಡ್ ಕುಷ್ಟ" ಎಂದಳು ಸುಂದರಿ ಒಂದು ಬೆಳಿಗ್ಗೆ. "ನಾಳೆಯಿಂದ ನಾನ್ ಬತ್ತಿಲ್ಲೆ. ಮನೆ ಹತ್ರವೇ ನಾಲ್ಕ್ ಮೀನ್ ಒಣಗ್ಸ್ಕಂಡ್ ಇರ್ತೆ. ನಿಂಗೂ ವಯಸ್ಸಾಯ್ತ್."

ಅವನು ಅವಳ ಮುಖ ನೋಡಿದ. ಅವಳು ಸುಮ್ಮನೆ ಹೇಳಿದ್ದಲ್ಲ. ಬುಟ್ಟಿಯಲ್ಲಿ ದಿನಾ ತರುವುದರ ಅರ್ಧ ಮೀನೂ ಇರಲಿಲ್ಲ.

ಅವನ ಕಣ್ಣು ರಸ್ತೆಯ ಮುಂದಕ್ಕೆ ಹೋಯಿತು. ಬೇಲಿಯಿಂದ ಮೂವತ್ತು ಹೆಜ್ಜೆ ಮುಂದೆ, ಬೈಲಿಗೆ ಇಳಿಯುವ ದಾರಿಯ ಬಾಯಲ್ಲಿ, ರಸ್ತೆ ಕೆಲಸದವರು ಬಿಟ್ಟು ಹೋದ ಕಲ್ಲುಗಳ ರಾಶಿ ಇತ್ತು. ಮುರಿದ ಮೋರಿಯ ಹಳೇ ಕಲ್ಲುಗಳು. ಮಳೆಗೆ ಸುತ್ತ ಹುಲ್ಲು ಬೆಳೆದಿತ್ತು.

"ಮಂಜ, ಮೂವತ್ತ್ ಹೆಜ್ಜೆ ಮುಂದ್ ತಕೋ" ಎಂದ ಕುಷ್ಟ.

"ಅಲ್ಲ್ ಸ್ಟಾಪ್ ಇಲ್ಲೆ ಮಾರಾಯ."

"ತಕೋ ಅಂದೆ."

ಬಸ್ಸು ಮುಂದೆ ಹೋಗಿ ನಿಂತಿತು. ಕುಷ್ಟ ಬಾಗಿಲಿಗೆ ನಿಂತು ಒಳಗೆ ನೋಡಿದ. ಅವನಿಗೆ ಕೂಗಿ ಅಭ್ಯಾಸ, ಬೇಡಿ ಅಭ್ಯಾಸವಿಲ್ಲ. "ನಾಲ್ಕ್ ಜನ ಗಂಡಸ್ರ್ ಇಳೀನಿ ಮಾರಾಯ್ರೆ. ಒಂದ್ ಕಲ್ಲ್ ಎತ್ತೂಕಿತ್ತ್."

ಮೊದಲು ಯಾರೂ ಏಳಲಿಲ್ಲ. "ಟೈಮಾಯ್ತ್" ಎಂದರು ಒಬ್ಬರು. "ಬಸ್ಸಿನವ್ರಿಗೆ ಈಗಳ್ ಕಲ್ಲ್ ಹೊರು ಕೆಲ್ಸವೂ ಇತ್ತಾ?" ಎಂದರು ಇನ್ನೊಬ್ಬರು. ಆಮೇಲೆ ಸೌಮ್ಯಶ್ರೀ ಎದ್ದಳು, ಬ್ಯಾಗನ್ನು ಸೀಟಿನ ಮೇಲಿಟ್ಟಳು. "ನಾನ್ ಬತ್ತೆ ಕುಷ್ಟಣ್ಣ. ಗಂಡಸ್ರ್ ಕೂಕಣ್ಲಿ." ಅದಾದ ಮೇಲೆ ಆರು ಜನ ಇಳಿದರು. ಮಂಜನೂ ಎಂಜಿನು ಬಂದ್ ಮಾಡಿ ಲುಂಗಿ ಎತ್ತಿ ಕಟ್ಟಿಕೊಂಡು ಬಂದ.

ಎರಡು ಉದ್ದ ಕಲ್ಲುಗಳನ್ನು ಉರುಳಿಸಿ, ಕಬ್ಬಿಣದ ಜಾಕ್ ರಾಡಿನಿಂದ ಮಣ್ಣು ಕೆದಕಿ ಹೂತು ನಿಲ್ಲಿಸಿದರು. ಬುಡಕ್ಕೆ ಜಲ್ಲಿ ತುಂಬಿ ತುಳಿದರು. ಅಡ್ಡಚಪ್ಪಡಿ ಎತ್ತುವಾಗ ಎಲ್ಲರ ಬಾಯಿಂದಲೂ ಒಂದೊಂದು ಬೈಗುಳ ಬಂತು. "ಮೇಲ್, ಇನ್ನೂ ಮೇಲ್, ನನ್ನ ಬೆರಳ್ ಮಾರಾಯಾ!" ಎಂದು ಮಂಜ ಕಿರುಚಿದ. ಸುಂದರಿ ಪಕ್ಕದಲ್ಲಿ ನಿಂತು ತನ್ನ ಎದೆಗೆ ಅಂಗೈ ಅಡ್ಡ ಹಿಡಿದು ಎತ್ತರ ಅಳೆಯುತ್ತಿದ್ದಳು. "ಎಡದ್ ಬದಿ ತಗ್ಗಾಯ್ತ್. ಒಂದ್ ಚೂರ್ ಕಲ್ಲ್ ಕೊಡಿ ಅಡಿಗೆ" ಎಂದಳು. ಕೊಟ್ಟರು.

ಕುಷ್ಟ ಬುಟ್ಟಿಯನ್ನು ಬಸ್ಸಿನಿಂದ ತಂದು ಚಪ್ಪಡಿಯ ಮೇಲಿಟ್ಟ. ಕಲ್ಲು ಅಲುಗಲಿಲ್ಲ. ಸುಂದರಿ ಸುತ್ತಿ ಬಂದು, ಸಿಂಬಿ ಇಟ್ಟು, ಸ್ವಲ್ಪವೂ ಮೊಣಕಾಲು ಮಡಿಸದೆ ತಲೆ ಒಡ್ಡಿದಳು. ಬುಟ್ಟಿ ತಲೆಗೆ ಬಂತು. ಮತ್ತೆ ಅದನ್ನು ಕಲ್ಲಿಗೇ ಇಳಿಸಿದಳು. ಸಮ ಇದೆಯೇ ಎಂದು ಇನ್ನೊಂದು ಸಲ ನೋಡಿದಳು.

ಹಿಂದಿನ ಬಸ್ಸು ಹಾರನ್ನು ಹೊಡೆಯುತ್ತ ದಾಟಿ ಹೋಯಿತು. ಯಾರೂ ಅದರ ಕಡೆ ತಿರುಗಲಿಲ್ಲ.

ಮಂಜ ಕೈಯ ಮಣ್ಣು ಒರೆಸಿಕೊಂಡು ಕುಷ್ಟನ ಕಡೆ ನೋಡಿದ. "ಸರಿ. ನಾಳೆಯಿಂದ ಇಲ್ಲ್ ಎಂತ ಅಂದ್ ಕೂಗ್ತೆ? ಸುಂದರಿಕಟ್ಟೆ ಅಲ್ಲ್ ಆಯ್ತಲೆ. ಇದಕ್ಕೊಂದ್ ಹೆಸ್ರ್ ಇಡ್ ಮತ್ತೆ, ನೀನ್ ಹೆಸ್ರ್ ಇಡೂದ್ರಂಗೆ ಹುಷಾರ್."

ಕುಷ್ಟ ಸುಂದರಿಯ ಮುಖ ನೋಡಿದ. ಈ ಸಲ ಕೇಳಿದ. "ಎಂತ ಇಡೂದ್ ಸುಂದರಕ್ಕ?"

"ಎಂತದೂ ಬ್ಯಾಡ" ಎಂದಳು ಸುಂದರಿ, ಬುಟ್ಟಿಗೆ ತಲೆ ಕೊಡುತ್ತ. "ಹೆಸ್ರ್ ಇಟ್ಟ್ರೆ ಮತ್ತೆ ಬೇಲಿ ಹಾಕ್ತ್ರ್. ಇಲ್ಲ್ ಬುಟ್ಟಿ ಇಳ್ಸ್ತೆ, ಅಷ್ಟೇ."

ಅವಳು ಬೈಲಿನ ದಾರಿಯಲ್ಲಿ ಇಳಿದು ಹೋದಳು. ಗೇರುಮರದ ತಿರುವಿನಲ್ಲಿ ಮೊದಲು ಅವಳು ಮರೆಯಾದಳು, ಬುಟ್ಟಿ ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿತ್ತು. ಜನರೆಲ್ಲ ಹತ್ತಿ ಕೂತಿದ್ದರು. ಕುಷ್ಟ ಕಂಬ ಹಿಡಿದು ಹತ್ತಿದ, ಕಂಡಕ್ಟರನ ಒಂಟಿ ಸೀಟಿನಲ್ಲಿ ಯಾರೋ ಚೀಲ ಇಟ್ಟಿದ್ದರು. ಅದನ್ನು ಕೆಳಗಿಟ್ಟು, ಹದಿನೇಳು ವರ್ಷದಲ್ಲಿ ಬಹುಶಃ ಮೊದಲ ಸಲ, ಬಸ್ಸು ಓಡುವಾಗ ಅದರಲ್ಲಿ ಕೂತ.

ಮರುದಿನ ಆ ಜಾಗ ಬಂದಾಗ ಅವನು ಏನೂ ಕೂಗಲಿಲ್ಲ. ಒಂದು ಸಲ ಸೀಟಿ ಊದಿದ. ಮಂಜ ನಿಲ್ಲಿಸಿದ.